ಪಂಪಿನ ಮೇಲೊಂದು ಬೆಲ್ಲದ ಚೂರು

ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಚೀಲ ಹೊತ್ತೆ. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವನು. ಆದರೆ ಎಣಿಕೆಯಲ್ಲಿ ನನ್ನನ್ನು ಮೀರಿಸುವವರು ಆ ಮಿಲ್ಲಿನಲ್ಲಿ ಇರಲಿಲ್ಲ. ದಮ್ಮು ಹತ್ತಿ ಚೀಲ ಹೊರಲಾಗದ ದಿನ ಬಂದಾಗ ಮಾಲೀಕರು ನನ್ನನ್ನು ಮನೆಗೆ ಕಳಿಸದೆ ಲಾರಿಯ ಹಲಗೆಯ ಪಕ್ಕ ನಿಲ್ಲಿಸಿದ್ದು ಅದಕ್ಕೇ. ಹಮಾಲರು ಹಲಗೆ ಹತ್ತುವಾಗ ಒಂದೊಂದು ಚೀಲಕ್ಕೂ ಕೂಗಿ ಲೆಕ್ಕ ಹೇಳುವುದು ನನ್ನ ಕೆಲಸವಾಯಿತು. ನಮ್ಮಲ್ಲಿ ಮೊದಲ ಚೀಲಕ್ಕೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತೇವೆ. ಲಾಭ, ಎರಡು, ಮೂರು... ಹತ್ತಕ್ಕೊಮ್ಮೆ ದನಿ ಎಳೆಯಬೇಕು. ಹಮಾಲರ ಕಾಲುಗಳು ಆ ದನಿಯ ಮೇಲೆಯೇ ನಡೆಯುತ್ತವೆ. ನನ್ನ ‘ಲಾಭ’ ರಸ್ತೆಯಾಚೆಯ ಚಹಾದಂಗಡಿಗೂ ಕೇಳುತ್ತಿತ್ತು. ಅದು ಕೇಳಿದ ಮೇಲೆಯೇ ಅಂಗಡಿಯವನು ಒಲೆಯ ಮೇಲೆ ಹಾಲಿಡುತ್ತಿದ್ದ. ಜಂಬಕ್ಕೆ ಹೇಳುತ್ತಿಲ್ಲ, ಬೇಕಾದರೆ ಅವನನ್ನೇ ಕೇಳಿ.

ದನಿ ಇದ್ದರೆ ಮಿಲ್ಲು. ದನಿ ಹೋದರೆ ನಮ್ಮೂರು ಗೊರೇಬಾಳದ ಮನೆಕಟ್ಟೆ.

ಆಗ ನನ್ನ ಹತ್ತಿರ ಇದ್ದದ್ದು ನೀಲಿ ಪಂಪು, ದಮ್ಮಿಗೆ ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರು. ದಮ್ಮು ಹತ್ತಿದಾಗ ಹೊಟ್ಟಿನ ರಾಶಿಯ ಹಿಂದೆ ಹೋಗಿ, ಯಾರೂ ಇಲ್ಲವೆಂದು ನೋಡಿ, ಬಾಯಿಗೆ ಒತ್ತಿಕೊಂಡು ಬರುತ್ತಿದ್ದೆ. ದಿನಕ್ಕೆ ಎಂಟು ಸಲ ಹೋಗತೊಡಗಿದಾಗ ನನ್ನ ಹೆಂಡತಿಯ ತಮ್ಮ ಎಲ್ಲರ ಮುಂದೆ ಬಾಯಿಬಿಟ್ಟ. ಅವನು ಪಾಮನಕಲ್ಲೂರಿನವನು, ನಮ್ಮ ತಂಡದಲ್ಲೇ ಹಮಾಲಿ.

“ಮಾವ, ಎಷ್ಟ ಸಲ ಹೋಗ್ತಿ? ಸಕ್ಕರಿ ಕಾಯಿಲೆ ಬಂದೈತೇನು? ತೋರಿಸ್ಕೊಂಡರ ಬಾ.”

“ಲೇ, ನನಗೇನಾಗ್ಯಾದ? ನೀ ಚೀಲ ಹೊರು.”

ಆ ವಾರವೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಸಿಂಧನೂರಿನಲ್ಲೂ ಡಾಕ್ಟರುಗಳಿದ್ದಾರೆ. ಆದರೆ ಅಲ್ಲಿಯ ಬೆಂಚಿನ ಮೇಲೆ ಕೂತರೆ ಮಧ್ಯಾಹ್ನದೊಳಗೆ ಮಿಲ್ಲಿಗೆ ಸುದ್ದಿ. ಹೆಂಡತಿ ತಾನೂ ಬರುತ್ತೇನೆಂದಳು, ನಾನು ಬೇಡವೆಂದೆ. ಮುಂದೆ ಆದದ್ದಕ್ಕೆಲ್ಲ ಆ ‘ಬೇಡ’ವೇ ಮೂಲ.

ಡಾಕ್ಟರಮ್ಮ ಒಂದು ಯಂತ್ರಕ್ಕೆ ಊದಿಸಿದರು. ಊದಿದ್ದು ಸಾಲದೆಂದು ಮತ್ತೆ ಊದಿಸಿದರು. ಕೊನೆಗೆ ಕೇಳಿದರು:

“ಬೀಡಿ ಸೇದ್ತೀರೇನು?”

“ಬಿಟ್ಟೀನ್ರಿ.”

“ಯಾವಾಗ ಬಿಟ್ರಿ?”

“ಮಸ್ಕಿಯೊಳಗ್ರಿ. ಈಗ ಬರೋ ಮುಂದ, ಬಸ್ ನಿಂತಾಗ.”

ಅವರು ನಗಲಿಲ್ಲ. ನಾನೂ ಸುಳ್ಳು ಹೇಳಿರಲಿಲ್ಲ; ಆ ಬೀಡಿಯೇ ನನ್ನ ಕೊನೆಯ ಬೀಡಿ.

“ವರ್ಷದಾಗ ಎರಡ ಸಲ ಕಫ ಕೆರಳಿ ಹಾಸಿಗಿ ಹಿಡಿದೀರಿ. ಬರೇ ನೀಲಿ ಪಂಪಿನ ಮ್ಯಾಲ ಇನ್ನ ನಡ್ಯಾದಿಲ್ಲ. ಅದು ದಮ್ಮು ಹತ್ತಿದಾಗ ಅಷ್ಟ. ಈ ಹೊಸಾದು ದಿನಾ ಮುಂಜಾನಿ ಸಂಜಿ ತಗೋರಿ, ಆರಾಮ ಇದ್ರೂ ಬಿಡಬ್ಯಾಡ್ರಿ. ಇದರಾಗ ಸ್ಟಿರಾಯ್ಡ್ ಐತಿ.”

ಸ್ಟಿರಾಯ್ಡ್ ಎಂದರೆ ಜಿಮ್ಮಿನ ಹುಡುಗರು ತೋಳು ಉಬ್ಬಿಸಿಕೊಳ್ಳಲು ಚುಚ್ಚಿಸಿಕೊಳ್ಳುವುದೆಂದು ನಾನು ಕೇಳಿದ್ದೆ. ಒಳಗೊಳಗೇ ಖುಷಿಯಾಯಿತು.

“ಹಂಗಂದ್ರ ಮತ್ತ ಚೀಲ ಹೊರಬಹುದೇನ್ರಿ?”

ಈಗ ಅವರು ನಕ್ಕರು. “ಅದು ಬ್ಯಾರೆ, ಇದು ಬ್ಯಾರೆ ಯಜಮಾನ್ರ. ಇದು ಒಳಗಿನ ಬಾವು ಇಳಿಸೋದು. ತಗೊಂಡ ಮ್ಯಾಲ ಬಾಯಿ ಮುಕ್ಕಳಿಸಿ ಉಗುಳ್ರಿ. ಮರೀಬ್ಯಾಡ್ರಿ.”

ನಾನು ಮರೆಯಲಿಲ್ಲ, ಬೇಕೆಂದೇ ಮಾಡಲಿಲ್ಲ. ಇಷ್ಟು ದೂರ ಹೋಗಿ ತಂದ ಔಷಧವನ್ನು ಬಚ್ಚಲಿಗೆ ಉಗುಳುವುದೆಂದರೆ, ಬೆನ್ನಿನ ಮೇಲಿನ ಚೀಲವನ್ನು ಲಾರಿಗೆ ಹಾಕದೆ ಕಾಲುವೆಗೆ ಎಸೆದಂತೆ. ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ ಉಂಟು: ದೂಳಿನ ಕೆಲಸ ಮುಗಿದ ಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುವುದು. ಗಂಟಲಲ್ಲಿ ಕೂತ ದೂಳನ್ನು ಬೆಲ್ಲ ಕೆಳಗೆ ಎಳೆದೊಯ್ಯುತ್ತದೆಂದು ನನಗೆ ಹಿರಿಯ ಹಮಾಲರು ಕಲಿಸಿದ್ದರು. ದೂಳನ್ನು ಒಯ್ಯುವ ಬೆಲ್ಲ ಔಷಧವನ್ನು ಒಯ್ಯುವುದಿಲ್ಲವೇ? ಹೀಗೆ ಮುಂಜಾನೆ ಪಂಪು, ಬೆಲ್ಲ. ಸಂಜೆ ಪಂಪು, ಬೆಲ್ಲ.

ಮೊದಲ ವಾರ ಏನೂ ಅನ್ನಿಸಲಿಲ್ಲ. ಮೂರನೇ ವಾರಕ್ಕೆ ಉಸಿರು ಸಡಿಲವಾಯಿತು, ಹೊಟ್ಟಿನ ರಾಶಿಯ ಹಿಂದೆ ಹೋಗುವುದು ದಿನಕ್ಕೆ ಎರಡೇ ಸಲವಾಯಿತು. ಅದರಲ್ಲಿ ಅರ್ಧ ಪುಣ್ಯ ಬೆಲ್ಲದ್ದೆಂದು ತಿಳಿದು ಚೂರನ್ನು ದೊಡ್ಡದು ಮಾಡಿದೆ.

ಒಂದು ಮುಂಜಾನೆ ಲಾರಿ ನಿಂತಿತ್ತು. ನಾನು ಎದೆ ಸೆಟೆಸಿ ‘ಲಾಭ’ ಎಂದೆ. ಎಣ್ಣೆ ಕಾಣದ ಬಾಗಿಲು ತೆರೆದಂಥ ಸದ್ದು ಬಂತು. ಹಲಗೆಯ ಮೇಲಿದ್ದ ಹೆಂಡತಿಯ ತಮ್ಮ ಚೀಲದಡಿಯಿಂದ ಕತ್ತು ತಿರುಗಿಸಿದ.

“ಮಾವ, ಕೂಗಿದ್ಯೋ, ಕೆಮ್ಮಿದ್ಯೋ?”

ಮಧ್ಯಾಹ್ನದ ಹೊತ್ತಿಗೆ ಆ ಸದ್ದೂ ನಿಂತಿತು. ಗಂಟಲು ಸರಿಯಾಗುವ ತನಕ ನಿನ್ನ ಹೆಂಡತಿಯ ತಮ್ಮನೇ ಕೂಗಲಿ, ಎಂಟು ದಿನ ನೋಡೋಣ ಎಂದರು ಮಾಲೀಕರು. ಎಂಟು ದಿನದ ಮೇಲೆ ಏನು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ದನಿ ಬೇಕಲ್ಲ.

ಅವನ ಕೂಗು ಬಸ್ಸು ತಪ್ಪೀತೆಂದು ಓಡುವವನ ಅವಸರದ್ದು. ಮೊದಲ ದಿನವೇ ಇಪ್ಪತ್ತೇಳರ ಮೇಲೆ ಇಪ್ಪತ್ತೊಂಬತ್ತಕ್ಕೆ ಹಾರಿದ. ನಾನು ಕೆಳಗಿನಿಂದ “ಇಪ್ಪತ್ತೆಂಟು!” ಎಂದು ಕಿರುಚಿದೆ. ಬರೀ ಗಾಳಿ ಬಂತು. ಎರಡೂ ಕೈ ಎತ್ತಿ ಬೀಸಿದೆ. ಮಾವನಿಗೆ ದಮ್ಮು ಹತ್ತಿತೆಂದು ಇಬ್ಬರು ಓಡಿ ಬಂದು ನನ್ನನ್ನು ಚೀಲದ ಮೇಲೆ ಕೂರಿಸಿದರು. ಒಬ್ಬ ಟವೆಲಿನಿಂದ ಗಾಳಿ ಬೀಸಿದ, ಇನ್ನೊಬ್ಬ ನೀರು ಕುಡಿಸಿದ. ನಾನು ಬೆರಳು ಮಡಚಿ ಇಪ್ಪತ್ತೆಂಟು ತೋರಿಸುವಷ್ಟರಲ್ಲಿ ಲಾರಿ ತುಂಬಿತ್ತು. ಡ್ರೈವರನ ಎಣಿಕೆ ಬೇರೆ ಬಂತು. ಎಲ್ಲ ಚೀಲ ಇಳಿಸಿ, ಎಣಿಸಿ, ಮತ್ತೆ ಹೇರಿದರು.

ಮನೆಗೆ ಬಂದು ಪಂಪನ್ನು ಗೂಡಿಗೆ ಎಸೆದು ಬೈದೆ. ಈ ಪಂಪೇ ನನ್ನ ದನಿ ತಿಂದದ್ದು, ಇನ್ನು ಮುಟ್ಟುವುದಿಲ್ಲ ಎಂದೆಲ್ಲ ಹೇಳಿದೆ.

“ಜೋರಾಗಿ ಬೈರಿ, ಕೇಳವಲ್ದು,” ಎಂದಳು ಹೆಂಡತಿ. ಆಮೇಲೆ ಮೊಬೈಲಿನ ಬೆಳಕು ಹಿಡಿದು ಬಾಯಿ ತೆರೆಸಿದಳು. “ಅಯ್ಯ ಶಿವನ, ಬಾಯಾಗ ಮೊಸರು ಹೆಪ್ಪು ಹಾಕೀರೇನು?”

ನಾಲಿಗೆ, ಕೆನ್ನೆಯ ಒಳಭಾಗವೆಲ್ಲ ಬೆಳ್ಳಗೆ. ಮರುದಿನ ಅವಳೇ ನನ್ನನ್ನು ಲಿಂಗಸುಗೂರಿಗೆ ಕರೆದೊಯ್ದಳು. ಮಸ್ಕಿಯಲ್ಲಿ ಬಸ್ಸು ನಿಂತಾಗ ಚಹಾಕ್ಕೆ ಇಳಿಯಲೂ ಬಿಡಲಿಲ್ಲ.

“ಮುಕ್ಕಳಿಸಿ ಉಗುಳ್ತೀರೇನು?” ಎಂದರು ಡಾಕ್ಟರಮ್ಮ.

ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

“ಪಂಪು ಎಳದು ಬೆಲ್ಲ ತಿಂತಾರ್ರಿ,” ಎಂದಳು ಹೆಂಡತಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಬೆಲ್ಲ! ಬಾಯಾಗ ಬೂಜು ಬೆಳ್ಯಾಕ ನೀವ ಗೊಬ್ಬರ ಹಾಕೀರಿ. ಔಷಧ ಎದಿಗೆ ಹೋಗಬೇಕು ಯಜಮಾನ್ರ. ಬಾಯಾಗ ಉಳಿದದ್ದು ಹೊಟ್ಟು. ಅಕ್ಕಿ ಬಂದ ಮ್ಯಾಲ ಹೊಟ್ಟು ಯಾರರ ಇಟಗೋತಾರೇನು?”

ಮಿಲ್ಲಿನ ಭಾಷೆಯಲ್ಲಿ ಹೇಳಿದ್ದರಿಂದ ತಲೆಗೆ ಹೋಯಿತು. ಬಾಯಿಗೆ ಬಿಡುವ ಔಷಧ ಕೊಟ್ಟರು. ಪಂಪಿಗೆ ಸಿಕ್ಕಿಸಿ ಎಳೆಯಲು ಒಂದು ಪ್ಲಾಸ್ಟಿಕ್ ಬುರುಡೆಯನ್ನೂ ಕೊಟ್ಟರು, ಕೂಸಿನ ಹಾಲಿನ ಬಾಟಲಿಯ ಅಣ್ಣನಂಥದ್ದು. ಪಂಪು ಮಾತ್ರ ಬಿಡಕೂಡದೆಂದರು.

“ದನಿ ಬರ್ತೈತೇನ್ರಿ?” ಹೆಂಡತಿ ಕೇಳಿದಳು.

“ಉಗುಳಿದ್ರ ಬರ್ತೈತಿ.”

ಮುಂಜಾನೆಯ ಪಂಪಿಗೆ ಅವಳು ತಂಬಿಗೆ ಹಿಡಿದು ಎದುರಿಗೇ ನಿಲ್ಲುತ್ತಿದ್ದಳು. ಸಂಜೆಯದು ಮಿಲ್ಲಿನಲ್ಲಿ. ಅದಕ್ಕೂ ಫೋನಿನಲ್ಲಿ ತಮ್ಮನಿಗೆ ಹುಕುಂ ಹೋಗಿತ್ತು. ನಾನು ಬುರುಡೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊಟ್ಟಿನ ರಾಶಿಯ ಕಡೆ ಹೆಜ್ಜೆ ಹಾಕಿದ್ದೆ, ಅಷ್ಟರಲ್ಲಿ ಇಡೀ ಅಂಗಳಕ್ಕೆ ಕೇಳುವಂತೆ ಅವನು ಕೂಗಿದ:

“ಮಾವಾ, ಪಂಪಿನ ಟೈಮ್ ಆತು! ನೀರಿನ ಚರಿಗಿ ಇಲ್ಲೈತಿ, ಆ ಕಡೆ ಎಲ್ಲಿ ಹೊಂಟಿ?”

ಎಲ್ಲರೂ ತಿರುಗಿದರು. ಇನ್ನು ಮುಚ್ಚಿಡುವುದೇನು? ನಲ್ಲಿಯ ಹತ್ತಿರ ಕೂತು ಬುರುಡೆ ಬಾಯಿಗಿಟ್ಟು ಎಳೆದೆ, ಮುಕ್ಕಳಿಸಿದೆ, ಉಗುಳಿದೆ. ಹಿಂದಿನಿಂದ ಯಾರೋ ಎಳೆದು ಕೂಗಿದರು: “ಲಾಭ!”

ಎರಡನೆಯದಕ್ಕೆ ಇಡೀ ತಂಡವೇ ಕೂಗಿತು: “ಎರಡು!” ಬೈಯಲು ನನಗಿನ್ನೂ ದನಿ ಇರಲಿಲ್ಲ. ಇದ್ದಿದ್ದರೂ ನಗುವಿನಲ್ಲಿ ಬೈಗುಳ ಬರುತ್ತಿರಲಿಲ್ಲ.

ಎಂಟನೇ ದಿನ ಲಾರಿ ಬಂದು ನಿಂತಿತು. ಮಾಲೀಕರು ಬಾಗಿಲಲ್ಲಿದ್ದರು. ಹೆಂಡತಿಯ ತಮ್ಮ ಹಲಗೆಯ ಪಕ್ಕದಿಂದ ಸರಿದು ಚೀಲಕ್ಕೆ ಬೆನ್ನು ಕೊಟ್ಟ.

“ನೀನ ಕೂಗು ಮಾವ. ನನಗ ಇಪ್ಪತ್ತೆಂಟು ಬರಾದಿಲ್ಲ.”

ನಾನು ಉಸಿರು ತುಂಬಿಕೊಂಡೆ. ಉಸಿರು ಬೇಕಾದಷ್ಟಿತ್ತು. ದನಿಯದ್ದೇ ಅನುಮಾನ.

“ಲಾ...ಭ!”

ಅಂಚಿನಲ್ಲಿ ತುಸು ಒರಟಾಗಿತ್ತು. ನಾನು ಮಾಲೀಕರ ಮುಖ ನೋಡಲಿಲ್ಲ, ರಸ್ತೆಯಾಚೆ ನೋಡಿದೆ. ಚಹಾದಂಗಡಿಯವನು ಬಗ್ಗಿ ಹಾಲಿನ ಪಾತ್ರೆಯನ್ನು ಒಲೆಗೆ ಏರಿಸುತ್ತಿದ್ದ.