ಲೆಗಿಯನ್ನು ಬಿಟ್ಟು ಹಡಗು ಹತ್ತಿದ್ದು

ಮಲಾಂಗ್ ಪಟ್ಟಣದ ನಮ್ಮ ಓಣಿಯಲ್ಲಿ ಕ್ಷೌರದಂಗಡಿ ಇಟ್ಟಿರುವ ತುಕಿರಾನ್ ಮದುವೆಯಾದಾಗಿನಿಂದ ಒಮ್ಮೆಯೂ ಪ್ರವಾಸ ಹೋದವರಲ್ಲ. ಮೊದಮೊದಲು ಅಂಗಡಿ ಮುಚ್ಚಲಾಗದು ಎನ್ನುತ್ತಿದ್ದರು. ಆಮೇಲೆ ಲೆಗಿಯ ನೆಪ ಸಿಕ್ಕಿತು.

ಲೆಗಿ ಅವರು ಸಾಕಿದ ಹೆಬ್ಬಾವು. ಒಂದು ಮಳೆಗಾಲದಲ್ಲಿ ಚರಂಡಿ ನೀರಿನಲ್ಲಿ ಕೊಚ್ಚಿಕೊಂಡು ಬಂದ ಮರಿ. ಜನ ಕೋಲು ಹಿಡಿದು ಸುತ್ತ ನಿಂತಿದ್ದಾಗ ತುಕಿರಾನ್ ಅದನ್ನು ಗಿರಾಕಿಗಳಿಗೆ ಹೊದಿಸುವ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಯೊಳಗೆ ನಡೆದುಬಿಟ್ಟಿದ್ದರು. ಈಗ ಅದು ಅವರ ತೋಳಿನಷ್ಟೇ ದಪ್ಪ. ಅಂಗಡಿಯ ಹಿಂದಿನ ಕೋಣೆಯಲ್ಲಿ, ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ.

ಅವರ ಹೆಂಡತಿ ಸುಪಾರ್ತಿಗೆ ಇದ್ದದ್ದು ಒಂದೇ ಆಸೆ, ಹಡಗು ಹತ್ತಿ ಲೊಂಬೊಕ್ ದ್ವೀಪಕ್ಕೆ ಹೋಗಬೇಕು. ನಾನು ಅರ್ಧ ತಲೆಗೂದಲು ಕತ್ತರಿಸಿಕೊಂಡು ಕುಳಿತಿದ್ದ ಒಂದು ಬೆಳಿಗ್ಗೆ ಆ ಮಾತು ಮತ್ತೆ ಬಂತು.

“ಹೆಂಡ್ತಿ ಬೇಜಾರು ಮಾಡ್ಕೊಂಡ್ರೆ ಪರವಾಗಿಲ್ಲ, ಹಾವು ಮಾತ್ರ ಬೇಜಾರು ಮಾಡ್ಕೋಬಾರ್ದು, ಅಲ್ವಾ?” ಎಂದರು ಸುಪಾರ್ತಿ.

“ನೀನು ಬೇಕಾದ್ದನ್ನ ಬಾಯ್ಬಿಟ್ಟು ಕೇಳ್ತೀಯ. ಲೆಗಿ, ಪಾಪ, ಅವಳು ಕೇಳಲ್ಲ,” ಎಂದರು ತುಕಿರಾನ್.

“ಹೋಗ್ಬನ್ನಿ ಅಣ್ಣ. ನಾನು ನೋಡ್ಕೋತೀನಿ,” ಎಂದುಬಿಟ್ಟೆ. ಹಲ್ಲಿ ಬಿದ್ದರೂ ಹಾರಿ ಬೀಳುವ ಮನುಷ್ಯ ನಾನು. ಆದರೆ ಆಡಿದ ಮಾತು ಹಿಂತೆಗೆದುಕೊಳ್ಳಲು ಸುಪಾರ್ತಿ ಅತ್ತಿಗೆ ಬಿಡಬೇಕಲ್ಲ! ಸಂಜೆಯೊಳಗೆ ಟಿಕೆಟ್ ಆಗಿತ್ತು.

“ಹೊಟ್ಟೆ ತುಂಬ ತಿಂದಿದ್ದಾಳೆ, ನಾವು ಬರೋವರೆಗೂ ಏನೂ ಬೇಡ. ನೀರು ಬದಲಾಯ್ಸು, ಚಿಲಕ ಸರಿಯಾಗಿ ಹಾಕು,” ಎಂದು ಹೇಳಿ ತುಕಿರಾನ್ ಹೊರಟರು. ಓಣಿಯ ತಿರುವಿನವರೆಗೂ ಹಿಂದಿರುಗಿ ನೋಡುತ್ತಲೇ ಇದ್ದರು.

ಮೊದಲ ದಿನ ನಾನು ಹೆಲ್ಮೆಟ್ ಹಾಕಿಕೊಂಡು ನೀರಿಡಲು ಹೋದೆ.

“ಹಾವು ಹೆದ್ರಿಕೊಳ್ಳದಿರಲಿ ಅಂತ ಮುಖ ಮುಚ್ಕೊಂಡ್ರಾ?” ಎಂದು ನನ್ನ ಹೆಂಡತಿ ನಕ್ಕಳು; ರಾತ್ರಿ ಎಂದು ಅವಳ ಹೆಸರು. ಅವಳೂ ಆ ಬಾಗಿಲು ದಾಟಿದವಳಲ್ಲ.

ಕೆಲವು ದಿನ ಕಳೆಯುವಷ್ಟರಲ್ಲಿ ಲೆಗಿಯ ಮೈ ಮಂಕಾಯಿತು. ಕಣ್ಣಿಗೆ ಹಾಲು ಸುರಿದಂತೆ ನೀಲಿ ಬಿಳುಪು. ಮೂಲೆಯಲ್ಲಿ ಮುದುರಿ ಬಿದ್ದಿತ್ತು. ಸಾಯುತ್ತಿದೆ ಎಂದುಕೊಂಡೆ. ಹೇಳಿದರೆ ಅವರು ಪ್ರವಾಸ ಬಿಟ್ಟು ಓಡಿ ಬರುತ್ತಾರೆ, ಹೇಳದಿದ್ದರೆ ಹಾವು ಉಳಿಯುವುದಿಲ್ಲ. ಕೊನೆಗೆ ಫೋಟೋ ತೆಗೆದು ತುಕಿರಾನ್ ಅವರಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ತುಕಿರಾನ್ ಅವರೇ ಫೋನ್ ಮಾಡಿದರು. ನಗುತ್ತಿದ್ದರು. “ಪೊರೆ ಬಿಡ್ತಿದ್ದಾಳೆ ಕಣೋ. ಕಣ್ಣಿನ ಮೇಲಿನ ಪೊರೆನೂ ಹೋಗ್ಬೇಕಲ್ಲ, ಅದಕ್ಕೇ ಹಾಗೆ. ಒಂದು ಒದ್ದೆ ಟವೆಲ್ ಇಡು, ಮುಟ್ಟೋಕೆ ಹೋಗ್ಬೇಡ.”

“ನೀವು ಬರ್ತೀರಾ ಅಣ್ಣ?”

ಆ ಕಡೆಯಿಂದ ಅಲೆಗಳ ಸದ್ದು ಕೇಳಿಸುತ್ತಿತ್ತು.

“ನಾನು ಬಂದು ಏನ್ ಮಾಡ್ಲಿ? ಅವಳ ಕೆಲಸ ಅವಳು ಮಾಡ್ಕೋತಾಳೆ. ನಾಳೆ ನಿಮ್ಮತ್ತಿಗೆ ಇನ್ನೊಂದು ದ್ವೀಪಕ್ಕೆ ಹೋಗೋಣ ಅಂತಿದ್ದಾಳೆ.”

ಟವೆಲ್ ಇಟ್ಟು ಬಂದೆ. ಬರಿತಲೆಯಲ್ಲೇ ಹೋಗಿದ್ದೆ ಎಂಬುದು ಹೊರಗೆ ಬಂದ ಮೇಲೆ ಗೊತ್ತಾಯಿತು.

ಒಂದು ಮುಂಜಾನೆ ಹೋದಾಗ ಲೆಗಿ ಕಲ್ಲಿಗೆ ಮೂತಿ ಉಜ್ಜುತ್ತಿತ್ತು. ತುಟಿಯ ಬಳಿ ಸೀಳಿದ ಪೊರೆ ನಿಧಾನವಾಗಿ ಹಿಂದಕ್ಕೆ ಮಗುಚಿಕೊಳ್ಳುತ್ತ ಹೋಯಿತು. ಒಳಗಿನಿಂದ ಕಪ್ಪು, ಹೊನ್ನಿನ ಚಿತ್ತಾರ ಹೊರಬಿತ್ತು. ಕೆಲಸಕ್ಕೆ ತಡವಾಗುತ್ತಿದ್ದರೂ ನೆಲದ ಮೇಲೆ ಕುಳಿತೇ ಇದ್ದೆ. ಹೆಂಡತಿ ರಾತ್ರಿಯನ್ನು ಕೂಗಿದೆ. ಅವಳು ಮೊದಲು ಹೊಸ್ತಿಲಲ್ಲಿ ನಿಂತಳು, ಆಮೇಲೆ ನನ್ನ ಪಕ್ಕಕ್ಕೇ ಬಂದು ಕುಳಿತಳು.

“ಇಂಥ ಚಿತ್ತಾರದ ಬಾತಿಕ್ ಬಟ್ಟೆ ಪೇಟೇಲಿ ಎಲ್ಲಿ ಸಿಗುತ್ತೆ?” ಎಂದಳು ಮೆಲ್ಲಗೆ.

ಬಿಸಿಲಿಗೆ ಕಪ್ಪಾಗಿ ಹಿಂದಿರುಗಿದ ತುಕಿರಾನ್ ಚೀಲವನ್ನೂ ಇಳಿಸದೆ ಹಿಂದಿನ ಕೋಣೆಗೆ ಹೋದರು. ಬಹಳ ಹೊತ್ತು ನೋಡಿದರು. “ನಾನಿಲ್ದೇನೂ ಚೆನ್ನಾಗೇ ಇದ್ದಾಳೆ,” ಎಂದಾಗ ಅವರ ದನಿಯಲ್ಲಿ ಸಮಾಧಾನವೂ ಇತ್ತು, ತುಸು ಮುನಿಸೂ ಇತ್ತು.

“ನೀವೂ ಚೆನ್ನಾಗೇ ಇದ್ರಿ. ಹಡಗಿನಲ್ಲಿ ಹಾಡಿದ್ದು ಯಾರು?” ಎಂದರು ಸುಪಾರ್ತಿ.

ತುಕಿರಾನ್ ನಾಚಿಕೊಂಡು ನನ್ನತ್ತ ತಿರುಗಿದರು. “ಮುಂದಿನ ರಜೆಗೆ ನೀನು ಊರಲ್ಲೇ ಇರ್ತೀಯಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ರಾತ್ರಿ ಹೇಳಿದಳು, “ಇರ್ತಾರೆ. ನಾನೂ ಇರ್ತೀನಿ.”