ಎಣ್ಣೆ ಹಚ್ಚಿದ ಹಲಗೆ

ಅಂಬಾದಾಸ ಕಟ್ಟಿದ್ದು ಒಂದೂ ಉಳಿದದ್ದಿಲ್ಲ. ಹುಮನಾಬಾದ್ ಕಡೆಯಿಂದ ಬಂದು ಗಚ್ಚಿಬೌಲಿಯ ಕಂಪನಿ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವ ಬಡಿಗ ಅವನು. ಹಲಗೆ ಜೋಡಿಸಿ ಅಚ್ಚು ಕಟ್ಟಬೇಕು, ಮೇಲೆ ಸುರಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಅದನ್ನೇ ಕಿತ್ತು ಲಾರಿಗೆಸೆಯಬೇಕು. ಕಾಂಕ್ರೀಟು ಅಂಟದಂತೆ ಹಲಗೆಗೆ ಎಣ್ಣೆ ಹಚ್ಚುವುದು ಹೆಂಡತಿ ಗದಿಗೆಮ್ಮನ ಕೆಲಸ. ಒಣ ಹಲಗೆ ಕಂಡರೆ ಸಾಕು, ಅವಳ ಕೈ ಸುಮ್ಮನಿರುತ್ತಿರಲಿಲ್ಲ.

ಆ ವರ್ಷ ಒಂದು ಐಟಿ ಕಂಪನಿಗೆ ಮರದ ಮಾಡಿನ ಊಟದ ಹಾಲ್ ಬೇಕಾಯಿತು. ಮೈಸೂರಿನ ಆರ್ಕಿಟೆಕ್ಟ್ ಕುಮುದಾ, ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಬಿಗಿದು, ಬಾಗಿಸಿ ತೊಲೆ ಮಾಡಿಸುತ್ತೇನೆಂದಳು. ನಡುವೆ ಕಂಬವಿಲ್ಲ, ಕಬ್ಬಿಣವಿಲ್ಲ, ಬರೀ ಮರ ಮತ್ತು ಅಂಟು! ಈ ಸೆಂಟ್ರಿಂಗ್ ಮಂದಿಯ ಕೈಲಿ ಆದೀತೇ ಎಂದು ಗುತ್ತಿಗೆದಾರ ನರಹರಿ ನಕ್ಕ. ಆಗುತ್ತದೆಂದು ಹಟ ಹಿಡಿದವಳು ಕುಮುದಾ ಒಬ್ಬಳೇ.

ತೊಲೆಗಳು ಮೇಲೇರಿದವು, ಸದ್ಯಕ್ಕೆ ಹೊರಲೆಂದು ಕೆಳಗೆ ಆನಿಕೆ ಕೊಟ್ಟದ್ದಾಯಿತು. ನಾಳೆ ಆನಿಕೆ ತೆಗೆಯಬೇಕು, ಕಂಪನಿಯವರೆಲ್ಲ ಬಂದು ಅಡಿಯಲ್ಲಿ ನಿಲ್ಲುತ್ತಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ ಗದಿಗೆಮ್ಮ, ಎಣ್ಣೆ ಡಬ್ಬಿ ಖಾಲಿಯಾಗಿದೆ ಎಂದಳು.

"ಯಾವ ಎಣ್ಣಿ?"

"ಹಲಗಿಗೆ ಹಚ್ಚೋದ್ರಿ. ಮೊದಲನೇ ತೊಲಿ ಹಲಗಿ ಭಾಳ ಒಣಗಿದ್ದುವು. ನೀವು ಅಂಟು ಕಲಸಾಕ ಹೋದಾಗ ಸವರಿಟ್ಟೆ."

ಅಂಬಾದಾಸ ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಎಣ್ಣೆ ಮೆತ್ತಿದ ಮರಕ್ಕೆ ಅಂಟು ಹಿಡಿದೀತೆ? ಈ ಕೆಲಸಕ್ಕೆ ಎಣ್ಣೆ ಬೇಡವೆಂದು ಅವಳಿಗೆ ಹೇಳಬೇಕೆಂಬುದು ಅವನಿಗಾದರೂ ಎಲ್ಲಿ ಹೊಳೆದಿತ್ತು!

ಹೋಗಿ ತೊಲೆಯ ಕೆಳಗೆ ನಿಂತ. ನುಣ್ಣಗೆ, ಚೆಂದಗೆ ಕಾಣುತ್ತಿತ್ತು. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಹೇಳಿದರೆ ನರಹರಿ ಗದಿಗೆಮ್ಮನನ್ನು ಗೇಟಿನಾಚೆ ಹಾಕುತ್ತಾನೆ, ನಂಬಿದ ಕುಮುದಾಳ ಮಾನವೂ ಹೋಗುತ್ತದೆ. ಹೇಳದಿದ್ದರೆ? ನಾಳೆಯೇ ಬೀಳಬೇಕೆಂದಿಲ್ಲ, ಎಂದೋ ಒಂದು ದಿನ ಹುಡುಗ ಹುಡುಗಿಯರು ಉಣ್ಣುತ್ತ ಕೂತಾಗ ಬಿದ್ದೀತು. ಬೀಳದೆಯೂ ಇದ್ದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕುಮುದಾ ಕೂತ ಶೆಡ್ಡಿನವರೆಗೆ ಹೋಗುವುದು, ಹಿಂದಿರುಗುವುದು. ಸಂಜೆಯವರೆಗೂ ಆ ಪುಣ್ಯಾತ್ಮನಿಗೆ ಇದೇ ಆಯಿತು.

ಕೊನೆಗೆ ಒಳಗೆ ಕಾಲಿಟ್ಟ. "ಮೇಡಂ, ಮೊದಲನೇ ತೊಲಿ ಹಲಗಿಗೆ ನಾನು ಎಣ್ಣಿ ಹಚ್ಚೀನ್ರಿ."

ಬೆನ್ನ ಹಿಂದೆಯೇ ಬಂದಿದ್ದ ಗದಿಗೆಮ್ಮ ಬಿಡಬೇಕಲ್ಲ. "ಸುಳ್ಳ್ರಿ. ಹಚ್ಚಿದಾಕಿ ನಾನು."

ಕುಮುದಾಳ ಮುಖ ಬಿಳಿಚಿಕೊಂಡಿತು. ತೊಲೆ ಇಳಿಸಿ ಎಂದಳು. ಇಳಿಸಿ ಕೊಡತಿಯಿಂದ ಬಡಿದರೆ ಹಲಗೆಗಳು ಪದರು ಚಪಾತಿಯಂತೆ ಬಿಚ್ಚಿಕೊಂಡವು. ನರಹರಿ ಬಾಯಿಗೆ ಬಂದಂತೆ ಬೈದ. ಕುಮುದಾ ಸಮಾರಂಭ ಮುಂದೂಡಿಸಿ ಕಂಪನಿಯವರಿಂದಲೂ ಬೈಸಿಕೊಂಡಳು, ಗದಿಗೆಮ್ಮನನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹೊಸ ತೊಲೆಗೆ ಅಂಟು ಬಳಿದವಳು ಗದಿಗೆಮ್ಮನೇ.

ಅದರ ಕೊನೆಯ ಆನಿಕೆಯನ್ನು ಅಂಬಾದಾಸನೇ ಬಡಿದು ತೆಗೆದ. ತೆಗೆದವನೇ ರೂಢಿಯಂತೆ ಪಕ್ಕಕ್ಕೆ ಸರಿದು, ಮೇಲಿನ ಮರ ಕೆಳಗೆ ಬರುವುದನ್ನು ಕಾಯುತ್ತ ನಿಂತ. ತೊಲೆ ಒಮ್ಮೆ ಕಿರ್ರೆಂದಿತು. ಅವನು ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಗದಿಗೆಮ್ಮ ಸೀದಾ ಅದರಡಿಗೆ ಹೋಗಿ ಕೂತು ಬುತ್ತಿ ಬಿಚ್ಚಿದಳು.

"ಏನ್ ಕಾಯಾಕತ್ತೀರಿ? ಇದು ಕೀಳೋದಲ್ರಿ, ಇರೋದು. ಬರ್ರಿ, ಉಣ್ರಿ."

ಅವನು ಬಂದು ಅವಳೆದುರು ಕೂತ. ರೊಟ್ಟಿ ಮುರಿದ, ಕಣ್ಣು ಮಾತ್ರ ಇನ್ನೂ ಮೇಲೆಯೇ ಇತ್ತು.