ನಡೆದು ಬಂದವರ ಬಸಳೆ

ಕ್ರಾನ್‌ಬರ್ನ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಉಡುಪಿ ಕಡೆಯ ಒಬ್ಬ ಆಂಟಿ ಇದ್ದರು. ಈ ದೇಶದಲ್ಲಿ ಚಳಿ ಶುರುವಾಗುವುದೇ ಏಪ್ರಿಲ್‌ನಲ್ಲಿ; ಆ ತಣ್ಣನೆ ಗಾಳಿಗೆ ಎಲ್ಲರ ಹಿತ್ತಲೂ ಬಾಡುವಾಗ ಅವರ ಬೇಲಿಯ ಮೇಲೆ ಬಸಳೆ ಇನ್ನೂ ದಪ್ಪಗೆ ಹಬ್ಬಿರುತ್ತಿತ್ತು. ಫೋನ್ ಮಾಡಿ ಕೇಳಿದರೆ ಒಂದೇ ಉತ್ತರ: "ನಡ್ಕೊಂಡು ಬಂದವರಿಗೆ ಮಾತ್ರ ಮಾರಾಯ್ರೆ." ಬಾಗಿಲು ತೆರೆದ ಕೂಡಲೇ ಬಂದವರ ಕಾಲು ನೋಡುತ್ತಿದ್ದರು.

ಆ ವರ್ಷ ನಮ್ಮವರಿಗೆ ಶುಗರ್ ಏರಿತ್ತು. ದಿನಾ ನಡೆಯದಿದ್ದರೆ ಇನ್ಸುಲಿನ್ ಶುರುಮಾಡಬೇಕಾದೀತು ಎಂದಿದ್ದರು ಡಾಕ್ಟರ್. ಇವರು ಮಾತ್ರ ಸೋಫಾ ಬಿಡಲಿಲ್ಲ. ಒಂದು ಸಂಜೆ ಬಸಳೆ ತರೋಣ ಎಂದರೆ ಕಾರು ತೆಗೆದರು. ನಾನೂ ಕೂತೆ.

ಆಂಟಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಕಾರನ್ನೇ ನೋಡಿದರು. "ಇದಕ್ಕೆ ಪೆಟ್ರೋಲ್ ಸಾಕಲ್ಲ, ಬಸಳೆ ಎಂತಕ್ಕೆ?"

ಇವರು ಮುಖ ಊದಿಸಿಕೊಂಡು ಮನೆಗೆ ಬಂದು, ಕಾರು ನಿಲ್ಲಿಸಿ, ಒಬ್ಬರೇ ನಡೆದು ಹೋದರು. ವಾಪಸ್ ಬಂದಾಗ ಕಂಕುಳಲ್ಲಿ ದೊಡ್ಡ ಕಟ್ಟು, ಹಣೆಯಲ್ಲಿ ಬೆವರು.

"ಆಂಟೀನಾ ಅವರು, ಟ್ರಾಫಿಕ್ ಪೊಲೀಸಾ?" ಎಂದರು. ಊಟಕ್ಕೆ ಬಸಳೆ ಹುಳಿಯನ್ನು ಮತ್ತೆ ಹಾಕಿಸಿಕೊಂಡರು.

ಮಾರನೇ ಸಂಜೆ ನೋಡಿದರೆ ಶೂ ಲೇಸ್ ಕಟ್ಟುತ್ತಿದ್ದಾರೆ. "ಬಸಳೆ ಮುಗೀತಾ?" ಎಂದು ಕೇಳಿದರು.

ಫ್ರಿಜ್‌ನಲ್ಲಿ ಅರ್ಧ ಕಟ್ಟು ಹಾಗೇ ಇತ್ತು.

"ಮುಗೀತು" ಎಂದೆ.